ಮೈಮೇಲಿನ ಬರೆ, ಬೋರ್ಡಿನ ಮೇಲಿನ ಹೆಸರು

ಈಚೆಗೆ ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಸಭಾಗೃಹವೊಂದರಲ್ಲಿ ಯುವ ಉದ್ಯಮಿಗಳಿಗೆಂದು ಉಪನ್ಯಾಸವೊಂದು ಏರ್ಪಾಡಾಗಿತ್ತು. ಉಪನ್ಯಾಸಕರು ನಮ್ಮವರೇ, ಹೊರನಾಡಿಗೆ ಬಂದವರ ಎರಡನೆಯ ತಲೆಮಾರು, ಅಮೆರಿಕದಲ್ಲಿ ಆಡಳಿತಶಾಸ್ತ್ರ ಓದಿ ಬಂದೂ ಕನ್ನಡವನ್ನು ಉಳಿಸಿಕೊಂಡವರು. ಆ ಮಟ್ಟಿಗೆ ನನಗೆ ಅವರ ಮೇಲೆ ಗೌರವವೇ ಇದೆ. ಪರದೆಯ ಮೇಲೆ ಅವರು ಮೂಡಿಸಿದ ಮೊದಲ ಚಿತ್ರ, ತೆರೆದ ಮೋಟಾರಿನಲ್ಲಿ ಚಾಲಕರ ಜಾಗದಲ್ಲಿ ಗಂಭೀರವಾಗಿ ಕುಳಿತ ಒಬ್ಬ ಕಪ್ಪು ಮಹಿಳೆಯದು. "ಇವರು ಮೇಡಂ ಸಿ. ಜೆ. ವಾಕರ್. ಗುಲಾಮರಾಗಿದ್ದವರ ಮಗಳು. ಬಟ್ಟೆ ಒಗೆದು ಬದುಕಿದವರು ತಮ್ಮ ಬ್ರ್ಯಾಂಡನ್ನು ತಾವೇ ಕಟ್ಟಿಕೊಂಡು ಶ್ರೀಮಂತೆಯಾದರು. ಇವರಿಗೆ ಬಣ್ಣ ಅಡ್ಡಿಯಾಗಲಿಲ್ಲ. ನಿಮಗೇನು ಅಡ್ಡಿ?" ಎಂಬುದು ಅವರ ಮಾತಿನ ಪಲ್ಲವಿ. ಒಂದು ಗಂಟೆಯ ಉಪನ್ಯಾಸ ಈ ಪಲ್ಲವಿಗೇ ಮತ್ತೆ ಮತ್ತೆ ಮರಳಿತು.

ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ನಿಂತ ದಲಿತ ಕುಟುಂಬದವನು. ಜೋಳದ ರೊಟ್ಟಿಯ ಖಾನಾವಳಿಯೊಂದನ್ನು ಇಡಬೇಕೆಂಬ ಯೋಜನೆಯಲ್ಲಿರುವವನು. "ಸರ, ಬೋರ್ಡಿನ ಮ್ಯಾಲ ನಮ್ಮ ಅಡ್ಡಹೆಸರು ಹಾಕಬೇಕೋ ಬ್ಯಾಡೋ? ಹಾಕಿದ್ರ ಮಂದಿ ಉಣ್ಣಾಕ ಬರ್ತಾರೇನ್ರಿ?" ಎಂದು ಕೇಳಿದ. ಸಭೆಯಲ್ಲಿ ಸಣ್ಣ ನಗೆ ಹಾದುಹೋಯಿತು. ಉಪನ್ಯಾಸಕರು ನಗಲಿಲ್ಲ, ಆದರೆ ಅವರು ಕೊಟ್ಟ ಉತ್ತರ ಆ ನಗೆಗಿಂತ ಕೆಟ್ಟದ್ದಾಗಿತ್ತು. "ರೊಟ್ಟಿ ಚೆನ್ನಾಗಿದ್ದರೆ ಹೆಸರು ಯಾರು ಕೇಳುತ್ತಾರೆ? ನಿಮ್ಮೊಳಗಿನ ಕೀಳರಿಮೆಯೇ ನಿಮ್ಮ ಶತ್ರು. ಅಮೆರಿಕದ ಕಪ್ಪು ಜನರನ್ನು ನೋಡಿ ಕಲಿಯಿರಿ." ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಸಭಾಮರ್ಯಾದೆಗೆ ಕಟ್ಟುಬಿದ್ದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದು ತಪ್ಪೆಂದು ಆಮೇಲೆ ಅನ್ನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ. ಅಮೆರಿಕದ ಕಪ್ಪು ಜನರನ್ನು ನೋಡಿ ಕಲಿಯಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಪೂರ್ತಿ ನೋಡಿ ಕಲಿಯಬೇಕು. ನನ್ನ ನೌಕರಿ ಟ್ರೇಡ್‌ಮಾರ್ಕುಗಳ, ಅಂದರೆ ವ್ಯಾಪಾರಮುದ್ರೆಗಳ ಕಡತಗಳ ನಡುವೆ ಕಳೆದಿರುವುದರಿಂದ ಈ ವಿಷಯದಲ್ಲಿ ಎರಡು ಮಾತಾಡುವ ಅಧಿಕಾರ ನನಗೂ ಉಂಟೆಂದು ಭಾವಿಸುತ್ತೇನೆ. ಅಭಿಪ್ರಾಯಗಳು ಮಾತ್ರ ನನ್ನ ಸ್ವಂತದವು, ಸರಕಾರದವಲ್ಲ.

ಮೊದಲು ಆ ಪದವನ್ನೇ ನೋಡೋಣ. ಇಂಗ್ಲಿಷಿನ 'ಬ್ರ್ಯಾಂಡ್' ಎಂಬುದರ ಬೇರು ಬೆಂಕಿಯಲ್ಲಿದೆ. ಉರಿಯುವ ಕೊಳ್ಳಿ, ಕಾಯಿಸಿದ ಕಬ್ಬಿಣ, ಆ ಕಬ್ಬಿಣ ಚರ್ಮದ ಮೇಲೆ ಉಳಿಸಿದ ಗುರುತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದವೊಂದು ಮೊದಲಿನಿಂದಲೂ ಇದೆ, ಅದು 'ಬರೆ'. ಹದಿನೇಳನೆಯ ಶತಮಾನದಲ್ಲಿ ಆಫ್ರಿಕದ ಕರಾವಳಿಯಿಂದ ಮನುಷ್ಯರನ್ನು ಸಾಗಿಸುತ್ತಿದ್ದ ಇಂಗ್ಲೆಂಡಿನ ರಾಯಲ್ ಆಫ್ರಿಕನ್ ಕಂಪನಿ, ತಾನು ಕೊಂಡ ಗುಲಾಮರ ಎದೆಯ ಮೇಲೆ 'ಡಿ ವೈ' ಎಂಬ ಅಕ್ಷರಗಳ ಬರೆ ಹಾಕಿಸುತ್ತಿತ್ತು. ಕಂಪನಿಯ ಮುಖ್ಯಸ್ಥನಾಗಿದ್ದ ಡ್ಯೂಕ್ ಆಫ್ ಯಾರ್ಕ್‌ನ ಹೆಸರಿನ ಮೊದಲಕ್ಷರಗಳು ಅವು. ಕಪ್ಪು ಅಮೆರಿಕನ್ನರ ಚರಿತ್ರೆಯಲ್ಲಿ ಬ್ರ್ಯಾಂಡ್ ಎಂಬುದು ಮೊದಲು ಬಂದದ್ದು ಹೀಗೆ, ಇನ್ನೊಬ್ಬನ ಒಡೆತನದ ಗುರುತಾಗಿ. ಕನ್ನಡದಲ್ಲಿ ಬರೆ ಎಂದರೆ ಅಕ್ಷರ ಮೂಡಿಸು ಎಂಬ ಅರ್ಥವೂ ಉಂಟಷ್ಟೆ. ದಕ್ಷಿಣ ಕೆರೊಲಿನಾದ 1740ರ ಕಾಯಿದೆ ಗುಲಾಮರಿಗೆ ಬರೆಯಲು ಕಲಿಸುವುದನ್ನು ಅಪರಾಧವೆಂದು ಸಾರಿತು. ಒಂದು ಅರ್ಥದ ಬರೆ ಅವರ ಮೈಮೇಲೆ ಬಿತ್ತು, ಇನ್ನೊಂದು ಅರ್ಥದ್ದು ಕೈಗೆ ಸಿಗದಂತಾಯಿತು.

ಇಂಥ ಪದವನ್ನು 1997ರಲ್ಲಿ ಟಾಮ್ ಪೀಟರ್ಸ್ ಎಂಬ ಆಡಳಿತ ಪಂಡಿತರು ಅಮೆರಿಕದ ಪತ್ರಿಕೆಯೊಂದರಲ್ಲಿ ಮನುಷ್ಯರಿಗೇ ಅನ್ವಯಿಸಿ ಬರೆದರು. ಪ್ರತಿಯೊಬ್ಬನೂ ತಾನೇ ಒಂದು ಬ್ರ್ಯಾಂಡು, ತನ್ನ ಮಾರಾಟಗಾರನೂ ತಾನೇ ಎಂಬುದು ಅದರ ತಿರುಳು. ಬಿಳಿಯ ಗುಮಾಸ್ತನಿಗೆ ಇದು ಬರಿಯ ರೂಪಕ. ಕಪ್ಪು ವಕೀಲನಿಗೆ, ಕಪ್ಪು ಲೆಕ್ಕಪರಿಶೋಧಕಿಗೆ ಇದು ಬೇರೆಯದೇ ಆಜ್ಞೆಯಾಗಿ ಕೇಳಿಸುತ್ತದೆ: ನಿನ್ನ ಮಾತಿನ ಧಾಟಿ ತಿದ್ದಿಕೋ, ತಲೆಗೂದಲನ್ನು ನೇರ ಮಾಡಿಕೋ, ಎದುರಿನವರಿಗೆ ಭಯವಾಗದಂತೆ ನಗು. ಹುಲಿಯ ಬಣ್ಣಕ್ಕೆ ಮನಸೋತ ನರಿ ಮೈ ಸುಟ್ಟುಕೊಂಡಿತೆಂದು ನಮ್ಮ ಗಾದೆ ನರಿಯನ್ನು ಗೇಲಿ ಮಾಡುತ್ತದೆ. ಹುಲಿಯ ಪಟ್ಟೆಯಿಲ್ಲದವರಿಗೆ ಇಲ್ಲಿ ಕೆಲಸವಿಲ್ಲವೆಂದು ಬಾಗಿಲಲ್ಲಿ ಬರೆದುಹಾಕಿದವರು ಯಾರೆಂದು ಗಾದೆ ಕೇಳುವುದಿಲ್ಲ. ಹುಟ್ಟಿನಿಂದ ಬಂದ ಕೂದಲಿನ ವಿನ್ಯಾಸಕ್ಕಾಗಿ ಯಾರನ್ನೂ ಕೆಲಸದಿಂದ, ಶಾಲೆಯಿಂದ ದೂರವಿಡಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ ಕಾಯಿದೆ ಮಾಡಿದ್ದು 2019ರಲ್ಲಿ. ಅಂಥ ಕಾಯಿದೆ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು.

ಇನ್ನು ವಾಕರ್ ಅವರ ಕತೆಗೆ ಬರೋಣ. ಅವರನ್ನು ಅವರ ಕಾಲದ ಇನ್ನೊಂದು ಮುಖದ ಪಕ್ಕದಲ್ಲಿ ಇಟ್ಟು ನೋಡಬೇಕು. 1889ರಲ್ಲಿ ಮಿಸೌರಿಯಲ್ಲಿ 'ಆಂಟ್ ಜೆಮೈಮಾ' ಎಂಬ ದೋಸೆಹಿಟ್ಟಿನ ಬ್ರ್ಯಾಂಡು ಹುಟ್ಟಿತು. ಹೆಸರು ಬಂದದ್ದು, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ನಾಟಕಗಳ ಒಂದು ಹಾಡಿನಿಂದ. 1893ರ ಶಿಕಾಗೋ ವಿಶ್ವಪ್ರದರ್ಶನದಲ್ಲಿ, ನಮ್ಮ ವಿವೇಕಾನಂದರು ಮಾತಾಡಿದ ಧರ್ಮಸಂಸತ್ತು ನಡೆದುದೂ ಅದೇ ಪ್ರದರ್ಶನದ ಅಂಗವಾಗಿ, ನ್ಯಾನ್ಸಿ ಗ್ರೀನ್ ಎಂಬ ಮಹಿಳೆ ಆ ಪಾತ್ರ ಧರಿಸಿ ದೋಸೆ ಹೊಯ್ದು, ಗುಲಾಮಗಿರಿಯ ಕಾಲದ 'ಸುಖದ ದಿನ'ಗಳ ಕತೆ ಹೇಳಿ ಜನರನ್ನು ಸೆಳೆದರು. ಆಕೆ ಕೆಂಟಕಿಯಲ್ಲಿ ಗುಲಾಮಳಾಗಿ ಹುಟ್ಟಿದವರು. ಮುಖ ಆಕೆಯದು, ನಗೆ ಆಕೆಯದು, ಮುದ್ರೆ ಕಂಪನಿಯದು. 1923ರಲ್ಲಿ ಶಿಕಾಗೋದಲ್ಲಿ ಮೋಟಾರು ಬಡಿದು ಆಕೆ ಸತ್ತಾಗ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ಬಂದದ್ದು 2020ರಲ್ಲಿ, ತೊಂಬತ್ತೇಳು ವರ್ಷಗಳ ಮೇಲೆ. ಅದೇ ವರ್ಷ ಕಂಪನಿ ಆ ಹೆಸರನ್ನೂ ಚಿತ್ರವನ್ನೂ ಕೈಬಿಡುವುದಾಗಿ ಪ್ರಕಟಿಸಿತು. ಮುಂದೆ ಆ ಪಾತ್ರ ವಹಿಸಿದ್ದ ಇನ್ನೊಬ್ಬ ಮಹಿಳೆಯ ಮರಿಮಕ್ಕಳು ರಾಯಧನ ಕೇಳಿ 2014ರಲ್ಲಿ ನ್ಯಾಯಾಲಯಕ್ಕೆ ಹೋಗಿದ್ದರು. ಮರುವರ್ಷ ದಾವೆ ವಜಾ ಆಯಿತು. ಇದೇ ಮಾದರಿಯ 'ಅಂಕಲ್ ಬೆನ್' ಅಕ್ಕಿಯ ಕಂಪನಿಯಂತೂ 2007ರಲ್ಲಿ ಜಾಹೀರಾತಿನಲ್ಲೇ ಆ ಮುದುಕನಿಗೆ ಬಡ್ತಿ ಕೊಟ್ಟು ಅಧ್ಯಕ್ಷನನ್ನಾಗಿ ಮಾಡಿತ್ತು. ಬಡ್ತಿ ಚಿತ್ರಕ್ಕೆ, ಸಂಬಳ ಯಾರಿಗೂ ಇಲ್ಲ. ಸರಕಾರಿ ನೌಕರನಾದ ನನಗೆ ಇಂಥ ಬಡ್ತಿ ಚೆನ್ನಾಗಿ ಅರ್ಥವಾಗುತ್ತದೆ.

'ಆಂಟ್', 'ಅಂಕಲ್' ಎಂಬ ಈ ಸಂಬೋಧನೆಯನ್ನು ಗಮನಿಸಿರಿ. ನಾವು ಅತ್ತೆ, ಚಿಕ್ಕಮ್ಮ, ಮಾಮ ಎಂದು ಹೊರಗಿನವರನ್ನೂ ಕರೆಯುವುದು ಪ್ರೀತಿಯಿಂದ, ಹತ್ತಿರ ಮಾಡಿಕೊಳ್ಳಲಿಕ್ಕೆ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ವಯಸ್ಸಾದ ಕಪ್ಪು ಹೆಂಗಸನ್ನು ಆಂಟಿ ಎಂದು ಕರೆದದ್ದು 'ಮಿಸೆಸ್' ಎಂಬ ಗೌರವವನ್ನು ತಪ್ಪಿಸಲಿಕ್ಕೆ. ಉಳಿದ ವಯಸ್ಸಿನವರನ್ನು ಬರಿಯ ಹೆಸರು ಹಿಡಿದು ಕೂಗುತ್ತಿದ್ದರು. ಸಾರಾ ಬ್ರೀಡ್‌ಲವ್ ಎಂಬ ಹೆಸರಿನಿಂದ 1867ರಲ್ಲಿ ಲೂಸಿಯಾನಾದ ಹತ್ತಿಯ ತೋಟದಲ್ಲಿ ಹುಟ್ಟಿ, ಏಳನೆಯ ವಯಸ್ಸಿಗೆ ತಬ್ಬಲಿಯಾಗಿ, ಇಪ್ಪತ್ತಕ್ಕೆ ವಿಧವೆಯಾದ ಆ ಹೆಣ್ಣುಮಗಳು ತನ್ನ ಡಬ್ಬಿಯ ಮೇಲೆ 'ಮೇಡಂ' ಎಂದೂ ಎರಡು ಇನಿಷಿಯಲ್ಲುಗಳನ್ನೂ ಅಚ್ಚು ಹಾಕಿಸಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆ ಡಬ್ಬಿ ಕೊಳ್ಳುವವರು ಯಾರೇ ಆಗಲಿ, ಆಕೆಯನ್ನು 'ಸಾರಾ' ಎಂದು ಕೂಗಲು ದಾರಿಯಿರಲಿಲ್ಲ. ಬಣ್ಣ ಅಡ್ಡಿಯಾಗಲಿಲ್ಲವೆಂದು ನಮ್ಮ ಉಪನ್ಯಾಸಕರು ಹೇಳಿದರಲ್ಲ. ಆ ಬ್ರ್ಯಾಂಡಿನ ಮೊದಲ ಪದವೇ ಬಣ್ಣ ಒಡ್ಡಿದ ಅಡ್ಡಿಗೆ ಕೊಟ್ಟ ಉತ್ತರ.

ತಾನೇ ಕಟ್ಟಿಕೊಂಡದ್ದು ಎಂಬ ಮಾತೂ ಅರ್ಧ ಸತ್ಯ. ವಾಕರ್ ಈ ವ್ಯಾಪಾರ ಕಲಿತದ್ದು ಆನಿ ಮ್ಯಾಲೋನ್ ಎಂಬ ಇನ್ನೊಬ್ಬ ಕಪ್ಪು ಮಹಿಳೆಯ ಮಾರಾಟಗಾರ್ತಿಯಾಗಿ. ಈ ಆನಿ 'ಪೋರೋ' ಎಂಬ ತನ್ನ ಮುದ್ರೆಯನ್ನು 1906ರಲ್ಲೇ ಕಾನೂನಿನ ರಕ್ಷಣೆಯಡಿ ತಂದುಕೊಂಡವರು; ನನ್ನ ವೃತ್ತಿಯವರು ಮೊದಲು ನೆನೆಯಬೇಕಾದವರು ಅವರೇ. ಪರದೆಯ ಮೇಲೆ ಅವರ ಚಿತ್ರ ಬರಲಿಲ್ಲ. ಇಬ್ಬರೂ ಮಾರುತ್ತಿದ್ದುದು ಮನೆಮನೆಗೆ ಹೋಗುವ ಹೆಂಗಸರ ಮೂಲಕ. ಅವರ ಜಾಹೀರಾತು ಬರುತ್ತಿದ್ದುದು ಕಪ್ಪು ಜನರ ಪತ್ರಿಕೆಗಳಲ್ಲಿ. ಸಭೆ ಸೇರುತ್ತಿದ್ದುದು ಕಪ್ಪು ಜನರ ಚರ್ಚುಗಳಲ್ಲಿ. ಅಡಿಗೆಯವಳಾಗಿಯೋ ಅಗಸಗಿತ್ತಿಯಾಗಿಯೋ ಬಿಳಿಯರ ಮನೆಯ ಹಿಂಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರೆ ಬೇರೆ ಕಸುಬಿಲ್ಲದಿದ್ದ ಸಾವಿರಾರು ಹೆಂಗಸರಿಗೆ ವಾಕರ್ ಅವರ ಡಬ್ಬಿ ಒಂದು ಸ್ವತಂತ್ರ ಜೀವನೋಪಾಯವಾಯಿತು. ಆ ಹೆಂಗಸರ ಬಾಯಿಮಾತೇ ಬ್ರ್ಯಾಂಡು. 1912ರಲ್ಲಿ ಶಿಕಾಗೋದಲ್ಲಿ ನಡೆದ ನೀಗ್ರೋ ವ್ಯಾಪಾರ ಸಂಘದ ಸಮ್ಮೇಳನದಲ್ಲಿ ಅದರ ಅಧ್ಯಕ್ಷ ಬುಕರ್ ಟಿ. ವಾಷಿಂಗ್ಟನ್ ಅವರೇ ಈಕೆಗೆ ಮಾತಾಡಲು ಅವಕಾಶ ಕೊಡದಿದ್ದಾಗ, ಕೊನೆಯ ದಿನ ತಾವಾಗಿ ಎದ್ದು ನಿಂತು ತಮ್ಮ ಕತೆ ಹೇಳಿದರು. ಅಡ್ಡಿ ಬಿಳಿಯರದು ಮಾತ್ರವಲ್ಲ, ಮನೆಯ ಗಂಡಸರದೂ ಇತ್ತು.

1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ತಮ್ಮ ಮಾರಾಟಗಾರ್ತಿಯರ ಸಮಾವೇಶ ಕರೆದರು. ಇನ್ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಹೆಚ್ಚು ಮಾರಿದವರಿಗೆ ಬಹುಮಾನ ಕೊಟ್ಟಂತೆ, ತಮ್ಮೂರಿನ ಧರ್ಮಕಾರ್ಯಕ್ಕೆ ಹೆಚ್ಚು ಕೊಟ್ಟ ಮಂಡಳಿಗಳಿಗೂ ಬಹುಮಾನ ಕೊಟ್ಟರು. ಆ ಸಮಾವೇಶ ಅಧ್ಯಕ್ಷ ವುಡ್ರೊ ವಿಲ್ಸನ್ನರಿಗೆ ತಂತಿ ಕಳಿಸಿತು. ಗುಂಪುಗೂಡಿ ಕಪ್ಪು ಜನರನ್ನು ಕೊಲ್ಲುವುದನ್ನು ಕೇಂದ್ರ ಸರಕಾರದ ಕಾನೂನಿನಡಿ ಅಪರಾಧವಾಗಿಸಬೇಕೆಂದು ಕೇಳಿತು. ಕೂದಲಿನ ಎಣ್ಣೆ ಮಾರುವವರ ಸಭೆಯಿಂದ ಇಂಥ ನಿರ್ಣಯ! ಯಾವ ಆಡಳಿತಶಾಸ್ತ್ರದ ತರಗತಿಯಲ್ಲಿ ಇದನ್ನು ಬ್ರ್ಯಾಂಡ್ ಕಟ್ಟುವ ಕ್ರಮವೆಂದು ಕಲಿಸುತ್ತಾರೆ? ಆದರೆ ಅದೇ ಆ ಬ್ರ್ಯಾಂಡಿನ ಜೀವ. ಕೊಳ್ಳುವವಳು ಕೊಳ್ಳುತ್ತಿದ್ದುದು ಎಣ್ಣೆಯನ್ನಷ್ಟೇ ಅಲ್ಲ. ಈ ಕಾಸು ನಮ್ಮವರ ಕಡೆಗೇ ತಿರುಗಿ ಬರುತ್ತದೆಂಬ ನಂಬಿಕೆಯನ್ನು. ಅಂದಹಾಗೆ, ವಿಲ್ಸನ್ನರಿಗೆ ಹೋದ ಆ ಬೇಡಿಕೆ ಕಾಯಿದೆಯಾದದ್ದು 2022ರಲ್ಲಿ.

ಹೆಸರು ಗಳಿಸಿದ ಕಪ್ಪು ವ್ಯಾಪಾರಿಗೆ ಏನಾಗುತ್ತಿತ್ತು ಎಂಬುದನ್ನೂ ಉಪನ್ಯಾಸಕರು ಹೇಳಬೇಕಿತ್ತು. 1892ರಲ್ಲಿ ಮೆಂಫಿಸ್ ನಗರದಲ್ಲಿ ಥಾಮಸ್ ಮಾಸ್ ಮತ್ತು ಅವರ ಗೆಳೆಯರು 'ಪೀಪಲ್ಸ್ ಗ್ರಾಸರಿ' ಎಂಬ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಸಾಮಾನು ಚೆನ್ನಾಗಿತ್ತು, ಗಿರಾಕಿಗಳು ಬರುತ್ತಿದ್ದರು. ಎದುರಿನ ಬಿಳಿಯ ಅಂಗಡಿಕಾರನಿಗೆ ನಷ್ಟವಾಗುತ್ತಿತ್ತು. ಆ ಪೈಪೋಟಿಯ ಕೊನೆಗೆ ಜೈಲಿನಿಂದ ಎಳೆದೊಯ್ದು ಗುಂಡಿಕ್ಕಿದ್ದು ಮಾಸ್ ಅವರನ್ನೂ ಇನ್ನಿಬ್ಬರನ್ನೂ. ಅವರ ಗೆಳತಿಯಾಗಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ತಮ್ಮ ಬಾಳಿನ ಹೋರಾಟಕ್ಕಿಳಿದದ್ದು ಆ ಕೊಲೆಗಳಿಂದ. 1921ರ ಮೇ 31 ಮತ್ತು ಜೂನ್ 1ರಂದು ಒಕ್ಲಹಾಮಾದ ಟಲ್ಸಾ ನಗರದ ಗ್ರೀನ್‌ವುಡ್ ಪೇಟೆ, ಹೋಟೆಲು, ಚಿತ್ರಮಂದಿರ, ವೈದ್ಯರ ಕೊಠಡಿ, ಪತ್ರಿಕಾಲಯ ಎಲ್ಲವೂ ಇದ್ದ ಸುಮಾರು 35 ಚೌಕಗಳ ಕಪ್ಪು ಪೇಟೆ, ಸುಟ್ಟು ಬೂದಿಯಾಯಿತು. ದೊಂಬಿಯ ನಷ್ಟ ತಮ್ಮ ಕರಾರಿಗೆ ಹೊರತೆಂದು ವಿಮಾ ಕಂಪನಿಗಳು ಕೈತೊಳೆದುಕೊಂಡವು. ಬದುಕುಳಿದಿದ್ದ ಕೊನೆಯ ವೃದ್ಧೆಯರ ದಾವೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 2024ರ ಜೂನಿನಲ್ಲಿ. ರೊಟ್ಟಿ ಚೆನ್ನಾಗಿದ್ದರೆ ಸಾಕೆ?

ಹಾಗಾದರೆ ಮುಖ ಮುಚ್ಚಿಕೊಂಡು ವ್ಯಾಪಾರ ಮಾಡಬಹುದಲ್ಲ ಎನ್ನುವವರಿದ್ದಾರೆ. ಅದನ್ನೂ ಮಾಡಿ ನೋಡಿದವರುಂಟು. ಶಿಕಾಗೋದ ಎಸ್. ಬಿ. ಫುಲ್ಲರ್ 1935ರಲ್ಲಿ 25 ಡಾಲರಿನ ಸಾಬೂನು ಕೊಂಡು ಮನೆಮನೆಗೆ ಮಾರತೊಡಗಿ ದೊಡ್ಡ ಕಂಪನಿಯನ್ನೇ ಕಟ್ಟಿದರು. 1947ರಲ್ಲಿ ಬಿಳಿಯರ ಒಂದು ಸೌಂದರ್ಯಸಾಮಗ್ರಿ ಕಂಪನಿಯನ್ನು ಗುಟ್ಟಾಗಿ ಕೊಂಡರು. ಒಡೆಯ ಯಾರೆಂದು ತಿಳಿಯದಿರುವತನಕ ದಕ್ಷಿಣದ ಬಿಳಿಯ ಗಿರಾಕಿಗಳು ಸಂತೋಷದಿಂದ ಕೊಂಡರು. 1960ರ ದಶಕದಲ್ಲಿ ಗುಟ್ಟು ಹೊರಬಿತ್ತು. ಬಿಳಿಯರ ನಾಗರಿಕ ಮಂಡಳಿಗಳು ಬಹಿಷ್ಕಾರ ಹಾಕಿ ಆ ಮಾರಾಟವನ್ನು ನೆಲಕಚ್ಚಿಸಿದವು. ಸಾಮಾನು ನಿನ್ನೆಯದೇ, ಸುವಾಸನೆ ನಿನ್ನೆಯದೇ. ವಿಪರ್ಯಾಸವೆಂದರೆ, ಇದೇ ಫುಲ್ಲರ್ 1963ರಲ್ಲಿ ಕೈಗಾರಿಕೋದ್ಯಮಿಗಳ ಸಭೆಯೊಂದರಲ್ಲಿ, ಕಪ್ಪು ಜನರ ಹಿಂದುಳಿಯುವಿಕೆಗೆ ವರ್ಣಭೇದಕ್ಕಿಂತ ಅವರ ಉದ್ಯಮಶೀಲತೆಯ ಕೊರತೆಯೇ ಕಾರಣವೆಂಬ ಅರ್ಥದ ಮಾತಾಡಿದರು. ನಮ್ಮ ಉಪನ್ಯಾಸಕರ ಮಾತೇ, ಅರುವತ್ತು ವರ್ಷ ಮೊದಲು. ಕಪ್ಪು ಜನ ಸಿಟ್ಟಿಗೆದ್ದು ಅವರೂ ಕೊಳ್ಳುವುದನ್ನು ಬಿಟ್ಟರು. ಎರಡು ದೋಣಿಯ ಮೇಲೆ ಕಾಲಿಟ್ಟವನಿಗೆ ಎರಡೂ ತಪ್ಪಿದವು.

ಫುಲ್ಲರ್ ಅವರಲ್ಲಿ ಕೆಲಸ ಕಲಿತ ಜಾರ್ಜ್ ಜಾನ್ಸನ್ 1954ರಲ್ಲಿ ಸ್ವಂತ ಉದ್ಯಮಕ್ಕೆಂದು 250 ಡಾಲರ್ ಸಾಲ ಕೇಳಿದಾಗ ಸಾಲದ ಸಂಸ್ಥೆ ಕೊಡಲಿಲ್ಲ. ಅದೇ ಸಂಸ್ಥೆಯ ಇನ್ನೊಂದು ಶಾಖೆಗೆ ಹೋಗಿ, ಹೆಂಡತಿಯೊಂದಿಗೆ ರಜೆಯ ಪ್ರವಾಸ ಹೋಗಬೇಕೆಂದು ಹೇಳಿದರು, ಕೂಡಲೇ ಸಿಕ್ಕಿತು! ಕಪ್ಪು ಮನುಷ್ಯ ಖರ್ಚು ಮಾಡುವನೆಂದರೆ ನಂಬುವ ಬ್ಯಾಂಕು, ಗಳಿಸುವನೆಂದರೆ ನಂಬಲಿಲ್ಲ. ಆ 250 ಡಾಲರಿನಿಂದ ಬೆಳೆದ ಕಂಪನಿ 1971ರಲ್ಲಿ ಅಮೆರಿಕನ್ ಷೇರುಪೇಟೆಯಲ್ಲಿ ನೋಂದಾಯಿತವಾಯಿತು. 'ಎಬೊನಿ' ಪತ್ರಿಕೆಯ ಜಾನ್ ಎಚ್. ಜಾನ್ಸನ್ 1942ರಲ್ಲಿ ಮೊದಲ ಪತ್ರಿಕೆ ತಂದದ್ದು ತಾಯಿಯ ಮನೆಸಾಮಾನು ಅಡವಿಟ್ಟ 500 ಡಾಲರಿನಿಂದ. ಅವರದೇ 'ಜೆಟ್' ಪತ್ರಿಕೆ 1955ರಲ್ಲಿ, ಮಿಸಿಸಿಪ್ಪಿಯಲ್ಲಿ ಕೊಲೆಯಾದ ಹದಿನಾಲ್ಕರ ಬಾಲಕ ಎಮೆಟ್ ಟಿಲ್‌ನ ವಿಕಾರಗೊಂಡ ಮುಖದ ಚಿತ್ರ ಅಚ್ಚು ಮಾಡಿತು. ಜಾಹೀರಾತುದಾರ ಬೇಸರಪಟ್ಟುಕೊಂಡಾನೆಂದು ಹೆದರುವವರು ಮಾಡುವ ಕೆಲಸವಲ್ಲ ಅದು. ಆ ಪತ್ರಿಕೆಗೆ ಕಪ್ಪು ಮನೆಗಳಲ್ಲಿ ಉಳಿದ ಹೆಸರಿಗೆ ಆ ಒಂದು ಸಂಚಿಕೆ ಸಾಕು.

ಇಲ್ಲಿ ನನ್ನ ಕಡತದ ಭಾಷೆಯಲ್ಲಿ ಒಂದು ಮಾತು ಹೇಳಬೇಕು. ವ್ಯಾಪಾರಮುದ್ರೆಯೊಂದಕ್ಕೆ ಬೆಲೆ ಬರುವುದು ಅದರ ಹಿಂದಿರುವ ಗುಡ್‌ವಿಲ್ಲಿನಿಂದ, ಅಂದರೆ ಜನರು ಇಟ್ಟ ನಂಬಿಕೆಯಿಂದ. ನಮ್ಮ 1999ರ ಕಾಯಿದೆಯ ಪ್ರಕಾರ ಮುದ್ರೆಯನ್ನು ಗುಡ್‌ವಿಲ್ ಸಹಿತವಾಗಿಯೂ ಮಾರಬಹುದು, ಬಿಟ್ಟೂ ಮಾರಬಹುದು. ಅಮೆರಿಕದ ಕಾಯಿದೆ ಗುಡ್‌ವಿಲ್ ಸಹಿತವೇ ಮಾರಬೇಕೆನ್ನುತ್ತದೆ. ಅಂದಮೇಲೆ ನಂಬಿಕೆಯೇ ಸರಕೆಂಬುದನ್ನು ಆ ಕಾಯಿದೆಯೇ ಒಪ್ಪಿದಂತಾಯಿತು. ನಂಬಿಕೆ ಇಟ್ಟವರು ಲಕ್ಷಾಂತರ ಜನ. ಬೆಲೆ ಪಡೆಯುವವರು ಮುದ್ರೆಯ ಒಡೆಯರು ಮಾತ್ರ. ಲೈಬೀರಿಯಾದಲ್ಲಿ ಹುಟ್ಟಿದ ರಿಚೆಲು ಡೆನಿಸ್, ಸಿಯೆರಾ ಲಿಯೋನಿನಲ್ಲಿ ತಮ್ಮ ಅಜ್ಜಿ ಶಿಯಾ ಬೆಣ್ಣೆ ಮಾರುತ್ತಿದ್ದ ನೆನಪಿನಿಂದ 'ಶಿಯಾ ಮಾಯಿಶ್ಚರ್' ಎಂಬ ಬ್ರ್ಯಾಂಡನ್ನು ನ್ಯೂಯಾರ್ಕಿನಲ್ಲಿ ಕಟ್ಟಿದರು. ಗುಂಗುರು ಕೂದಲಿನ ಕಪ್ಪು ಹೆಂಗಸರು ಅದನ್ನು ತಮ್ಮದೆಂದೇ ಭಾವಿಸಿ ಬೆಳೆಸಿದರು. 2017ರ ಏಪ್ರಿಲಿನಲ್ಲಿ ಅದರ ಜಾಹೀರಾತೊಂದರಲ್ಲಿ ಬಹುಪಾಲು ಬಿಳಿಯ ಹೆಂಗಸರೇ ಕಾಣಿಸಿಕೊಂಡರು. ಪ್ರತಿಭಟನೆಯೆದ್ದು ಕಂಪನಿ ಕ್ಷಮೆ ಕೇಳಿತು. ಅದೇ ವರ್ಷದ ನವೆಂಬರಿನಲ್ಲಿ ಯೂನಿಲಿವರ್ ಅದನ್ನು ಕೊಳ್ಳುವ ಸುದ್ದಿ ಬಂತು. ಅದೇ ಮಾತೃಸಂಸ್ಥೆ 2016ರಲ್ಲಿ ಮೇಡಂ ವಾಕರ್ ಹೆಸರಿನ ಸಾಮಗ್ರಿಗಳನ್ನು ಮತ್ತೆ ಮಾರುಕಟ್ಟೆಗೆ ತಂದಿತ್ತು. ಹೀಗೆ ಆ ಮೇಡಂ ಕೂಡ ಈ ಖರೀದಿಯ ಗಂಟಿನಲ್ಲಿ ಸೇರಿದರು. ಡೆನಿಸ್ ಕಪ್ಪು ಮಹಿಳಾ ಉದ್ಯಮಿಗಳಿಗಾಗಿ ನಿಧಿ ಸ್ಥಾಪಿಸಿದರೆಂಬುದನ್ನೂ ಹೇಳಬೇಕು. ಬೇರೆಯವರ ಬಂಡವಾಳವಿಲ್ಲದೆ ಬೆಳೆಯಲಾಗದ ಉದ್ಯಮಿ ಕೊನೆಗೆ ಮಾರುವುದರಲ್ಲಿ ಪಾಪವಿಲ್ಲ. ಆದರೆ ಯೂನಿಲಿವರ್ ಎಂಬ ಹೆಸರು ಕೇಳಿದ ಮುಂಬಯಿಯ ನಮಗೆ ಇನ್ನೊಂದು ನೆನಪೂ ಬರಬೇಕು. ನಮ್ಮ ಹೆಣ್ಣುಮಕ್ಕಳಿಗೆ 1975ರಿಂದ 'ಫೇರ್ ಅಂಡ್ ಲವ್ಲಿ' ಮಾರಿದ್ದು ಇದರ ಭಾರತದ ಶಾಖೆ. 'ಫೇರ್' ಎಂಬ ಪದ ಕಿತ್ತು 'ಗ್ಲೋ' ಎಂದಿಟ್ಟದ್ದು 2020ರಲ್ಲಿ. ಅತ್ತ ಕಪ್ಪು ಮೈಯ ಹೆಮ್ಮೆ, ಇತ್ತ ಬಿಳಿ ಮೈಯ ಆಸೆ. ಲೆಕ್ಕಪುಸ್ತಕ ಮಾತ್ರ ಒಂದೇ.

2020ರಲ್ಲಿ ಮಿನ್ನಿಯಾಪೊಲಿಸ್ ನಗರದಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಅಮೆರಿಕದ ದೊಡ್ಡ ಅಂಗಡಿಗಳು ಕಪ್ಪು ಬ್ರ್ಯಾಂಡುಗಳಿಗೆ ಕಪಾಟು ಕೊಡುವುದಾಗಿ ಸಾಲುಸಾಲಾಗಿ ಮಾತು ಕೊಟ್ಟವು. ಟಾರ್ಗೆಟ್ ಕಂಪನಿ 2025ರ ಜನವರಿಯಲ್ಲಿ ತನ್ನ ವೈವಿಧ್ಯ ಕಾರ್ಯಕ್ರಮಗಳನ್ನು ಕೊನೆಗೊಳಿಸುವುದಾಗಿ ಸಾರಿದಾಗ ಕಪ್ಪು ಪಾದ್ರಿಗಳು ಬಹಿಷ್ಕಾರಕ್ಕೆ ಕರೆಕೊಟ್ಟರು. ಆಗ ಆ ಕಪಾಟಿನಲ್ಲೇ ಸರಕಿಟ್ಟಿದ್ದ ಕಪ್ಪು ಉದ್ಯಮಿಗಳು ಪೂರ್ತಿ ಬಹಿಷ್ಕರಿಸಬೇಡಿರಿ, ಮೊದಲು ಮುಳುಗುವವರು ನಾವೇ ಎಂದು ತಮ್ಮ ಜನರನ್ನೇ ಬೇಡಿಕೊಳ್ಳುವಂತಾಯಿತು.

ಇದಕ್ಕಿಂತ ನನ್ನನ್ನು ಕಲಕಿದ್ದು ಒಂದು ಮೊಕದ್ದಮೆ. ಅಟ್ಲಾಂಟದ ಫಿಯರ್‌ಲೆಸ್ ಫಂಡ್ ಎಂಬ ಸಂಸ್ಥೆ ಕಪ್ಪು ಮಹಿಳೆಯರ ಉದ್ಯಮಗಳಿಗೆ 20,000 ಡಾಲರಿನ ಅನುದಾನ ಕೊಡುತ್ತಿತ್ತು. 2023ರಲ್ಲಿ ಅದರ ಮೇಲೆ ದಾವೆ ಬಿತ್ತು. ಇದು ಬೇರೆ ವರ್ಣದವರಿಗೆ ಅನ್ಯಾಯವೆಂಬುದು ವಾದ. ಆಧಾರವಾಗಿ ಎತ್ತಿಕೊಂಡ ಕಾಯಿದೆ ಯಾವುದೆಂದು ಊಹಿಸಬಲ್ಲಿರಾ? 1866ರ ನಾಗರಿಕ ಹಕ್ಕುಗಳ ಕಾಯಿದೆ: ಆಗತಾನೇ ಬಿಡುಗಡೆಯಾದ ಗುಲಾಮರಿಗೆ, ಬಿಳಿಯರಂತೆಯೇ ಕರಾರು ಮಾಡಿಕೊಳ್ಳುವ ಹಕ್ಕಿರಲಿ ಎಂದು ಮಾಡಿದ್ದು. 2024ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯ ಎರಡಕ್ಕೆ ಒಂದು ಮತದಿಂದ ಅನುದಾನವನ್ನು ತಡೆಹಿಡಿಯಿತು. ಸೆಪ್ಟೆಂಬರಿನಲ್ಲಿ ರಾಜಿಯಾಗಿ ಆ ಅನುದಾನವೇ ನಿಂತಿತು. ಕಾಯಿದೆಯ ಅಕ್ಷರ ಅದೇ, ಅದು ನಿಂತ ಮಗ್ಗುಲು ಬದಲಾಯಿತು. ಕಾನೂನು ಹೀಗಿರುವಾಗ, ಬ್ಯಾಂಕು ಹಾಗಿದ್ದಾಗ, 'ನಿನ್ನ ಬ್ರ್ಯಾಂಡು ಕಟ್ಟಿಕೋ' ಎಂಬ ಉಪದೇಶದ ಕೆಲಸವೇನು? ಸೋತವನು ತನ್ನ ಸೋಲಿಗೆ ತನ್ನನ್ನೇ ಹಳಿದುಕೊಳ್ಳುವಂತೆ ಮಾಡುವುದು. ಬೇರೇನೂ ಇಲ್ಲ. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 3ರಂದು ಮೆಂಫಿಸ್ಸಿನಲ್ಲಿ ಮಾಡಿದ ಕೊನೆಯ ಭಾಷಣದಲ್ಲಿ ಹಾಲು, ಬ್ರೆಡ್ಡು, ಕೋಕಾಕೋಲಗಳ ಹೆಸರು ಹಿಡಿದು ಅವನ್ನು ಕೊಳ್ಳಬೇಡಿರೆಂದರು. ನಿಮ್ಮ ಹಣವನ್ನು ಕಪ್ಪು ಜನರ ಬ್ಯಾಂಕಿನಲ್ಲಿಡಿ, ವಿಮೆಯನ್ನು ಅವರ ಕಂಪನಿಯಲ್ಲೇ ಮಾಡಿಸಿರಿ ಎಂದರು. ಮರುದಿನ ಅದೇ ಊರಿನಲ್ಲಿ ಅವರನ್ನು ಕೊಂದರು. ಬ್ರ್ಯಾಂಡಿನ ಬಗ್ಗೆ ಕಪ್ಪು ಅಮೆರಿಕ ಹೇಳಿಕೊಟ್ಟ ಪಾಠ ಬೇಕೆಂದರೆ ಆ ಭಾಷಣವನ್ನು ಓದಬೇಕು.

ಕಪ್ಪು ಅಮೆರಿಕವನ್ನು ನೋಡಿ ಕಲಿಯುವುದು ಈ ನೆಲಕ್ಕೆ ಹೊಸದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು, ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ. 2002ರ ಭೋಪಾಲ್ ಘೋಷಣೆ, ಸರಕಾರದ ಖರೀದಿಯಲ್ಲಿ ಅಮೆರಿಕದ ಮಾದರಿಯಲ್ಲಿ ದಲಿತ ಉದ್ಯಮಿಗಳಿಗೂ ಪಾಲಿರಲೆಂದು ಕೇಳಿತು. 2005ರಲ್ಲಿ ಪುಣೆಯಲ್ಲಿ ದಲಿತ ವಾಣಿಜ್ಯೋದ್ಯಮ ಮಂಡಳಿ ಹುಟ್ಟಿತು. 2012ರ ಖರೀದಿ ನೀತಿಯಲ್ಲಿ ಪರಿಶಿಷ್ಟರ ಕಿರು ಉದ್ಯಮಗಳಿಗೆ ನೂರಕ್ಕೆ ನಾಲ್ಕರ ಪಾಲು ಸೇರಿತು. ಇವರೆಲ್ಲ ಕೇಳಿದ್ದು ಸಾಲ, ಖರೀದಿ, ಕಾನೂನು. ಮುಖಕ್ಕೆ ಹಚ್ಚಿಕೊಳ್ಳುವ ಹೊಳಪನ್ನಲ್ಲ.

ಇನ್ನು ಹೆಸರು ಯಾರು ಕೇಳುತ್ತಾರೆಂಬ ಪ್ರಶ್ನೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರ್ಟ್ರಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೋ ನಗರಗಳ ಉದ್ಯೋಗದಾತರಿಗೆ ಸುಮಾರು ಐದು ಸಾವಿರ ಕಾಲ್ಪನಿಕ ಅರ್ಜಿಗಳನ್ನು ಕಳಿಸಿದ್ದರು. ಅರ್ಹತೆ ಒಂದೇ ಬಗೆಯದು. ಎಮಿಲಿ, ಗ್ರೆಗ್ ಎಂಬ ಹೆಸರಿನವರಿಗೆ ಬಂದ ಕರೆಗಳು ಲಕೀಷಾ, ಜಮಾಲ್ ಎಂಬವರಿಗಿಂತ ಒಂದೂವರೆ ಪಟ್ಟು. ಸುಖದೇವ ಥೋರಾತ್ ಮತ್ತು ಪಾಲ್ ಅಟಿವೆಲ್ 2007ರಲ್ಲಿ ಪ್ರಕಟಿಸಿದ ಇಂಥದೇ ಪರೀಕ್ಷೆಯಲ್ಲಿ ನಮ್ಮ ಖಾಸಗಿ ಕಂಪನಿಗಳೂ ಅಡ್ಡಹೆಸರನ್ನು ಚೆನ್ನಾಗಿಯೇ ಓದುತ್ತವೆಂದು ತಿಳಿದುಬಂತು: ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲುಜಾತಿಯ ಹೆಸರಿನದರ ಸುಮಾರು ಮೂರನೆಯ ಎರಡು ಪಾಲು. ಇಷ್ಟು ದೂರ ಹೋಗುವುದೇಕೆ? ನಾವು ಹೊರನಾಡಿಗರು 'ಉಡುಪಿ' ಎಂಬ ಒಂದು ಊರಿನ ಹೆಸರನ್ನು ನೆಚ್ಚಿ ಈ ಮಹಾನಗರದಲ್ಲಿ ತಲೆಯೆತ್ತಿದವರು. ಆ ಹೆಸರಿನಲ್ಲಿ ರುಚಿಯ ಜೊತೆಗೆ ಮಡಿಯ ಭರವಸೆಯೂ ಸೇರಿತ್ತೆಂಬುದನ್ನು ಒಪ್ಪಿಕೊಳ್ಳಲು ನಮಗೆ ಯಾಕೆ ಸಂಕೋಚ? ಊರ ಕಡೆ ಬ್ರಾಹ್ಮಣರ ಹೋಟೆಲು, ಲಿಂಗಾಯತ ಖಾನಾವಳಿ ಎಂದು ಬೋರ್ಡು ಬರೆಸಿದವರಿಗೆ ಹೆಸರನ್ನು ಯಾರು ಕೇಳುತ್ತಾರೆಂದು ಯಾರೂ ಬುದ್ಧಿ ಹೇಳಲಿಲ್ಲ. ನನ್ನ ಅಡ್ಡಹೆಸರೂ ಬಾಗಿಲು ತೆರೆಸುವ ಜಾತಿಯದೇ. ಮೂವತ್ತು ವರ್ಷದ ಹಿಂದೆ ಈ ಊರಿನಲ್ಲಿ ನನಗೆ ಬಾಡಿಗೆಮನೆ ಕೊಡುವ ಮೊದಲು ಯಜಮಾನರು ಕೇಳಿದ್ದು ನನ್ನ ಸ್ನಾತಕೋತ್ತರ ಪದವಿಯನ್ನಲ್ಲ.

ಆ ಹುಡುಗ ಹೋದ ರವಿವಾರ ನಮ್ಮ ಮನೆಗೆ ಬಂದಿದ್ದ. ಟ್ರೇಡ್‌ಮಾರ್ಕಿನ ಅರ್ಜಿ ತಂದಿದ್ದ. 43ನೆಯ ವರ್ಗ, ಊಟೋಪಚಾರದ್ದು. ಅರ್ಜಿದಾರರ ಪೂರ್ಣ ಹೆಸರು ಎಂಬಲ್ಲಿ ದುಂಡಗಿನ ಅಕ್ಷರಗಳಲ್ಲಿ ಅಡ್ಡಹೆಸರು ಸಹಿತ ತುಂಬಿದ್ದಾನೆ. ಅಲ್ಲಿ ಬಚ್ಚಿಡಲು ಬರುವುದಿಲ್ಲ. ನೋಂದಾಯಿಸಬೇಕಾದ ಮುದ್ರೆಯ ಜಾಗ ಮಾತ್ರ ಖಾಲಿ.

"ಇದನ್ನ ಹಿಂಗ ಬಿಟ್ಟರ ನಡೀತದೇನ್ರಿ, ಸಾಹೇಬ್ರ?"

ನಡೆಯುವುದಿಲ್ಲವೆಂದೆ.

ಅವನು ಸ್ವಲ್ಪ ಹೊತ್ತು ಆ ಖಾಲಿ ಚೌಕವನ್ನು ನೋಡಿದ. "ಹಂಗಾರ ಅವ್ವನ್ನ ಕೇಳಿ ಬರ್ತೀನ್ರಿ. ರೊಟ್ಟಿ ಬಡಿಯಾಕಿ ಆಕೀನ" ಎಂದು ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.